ತತ್ವಪದದ ಗಾಯನಪಾಠಗಳು ಮತ್ತು ಗಣಕಯಂತ್ರ

ಒಂದೇ ಗೀತೆಯನ್ನು ಬೇರೆ ಬೇರೆಯವರು ಹಾಡಿದಾಗ ಅದು ಒಂದೇ ಗೀತೆಯೆಂದು ಗಣಕಯಂತ್ರವು ಗುರುತಿಸಬಲ್ಲುದೇ ಎಂಬ ಪ್ರಶ್ನೆಯನ್ನು ಸಂಗೀತ-ತಂತ್ರಜ್ಞಾನದ ವಿದ್ವಾಂಸರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. 2006ರಲ್ಲಿ ಇದಕ್ಕಾಗಿ ಅಂತಾರಾಷ್ಟ್ರೀಯ ಮೌಲ್ಯಮಾಪನವೂ ಆರಂಭವಾಯಿತು. ಅವರ ಪ್ರಸಿದ್ಧ ವಿಧಾನ ಹೀಗಿದೆ: ಸಪ್ತಕದ 12 ಸ್ವರಸ್ಥಾನಗಳ ಬಲವನ್ನು ಕ್ಷಣಕ್ಷಣಕ್ಕೂ ಅಳೆದು, ಶ್ರುತಿಭೇದವನ್ನು ಸರಿದೂಗಿಸಿ, ಲಯವನ್ನು ಹಿಗ್ಗಿಸಿ ಕುಗ್ಗಿಸಿ ಎರಡು ಗಾಯನಗಳನ್ನು ಹೊಂದಿಸಿ ನೋಡುವುದು. ಗೀತೆಯ ಅಸ್ಮಿತೆ ಅದರ ಮಟ್ಟಿನಲ್ಲಿದೆ ಎಂಬುದು ಇಲ್ಲಿಯ ಗೃಹೀತ.

ಈ ಗೃಹೀತವನ್ನು ಶಿಶುನಾಳ ಶರೀಫರ (1819–1889) ಪದಗಳಿಗೆ ಅನ್ವಯಿಸಿದಾಗ ತೊಡಕು ತಲೆದೋರುತ್ತದೆ. ಶರೀಫರ ಗುರು ಗೋವಿಂದಭಟ್ಟರ ಕಳಸ ಗ್ರಾಮವಿರುವುದು ಕುಂದಗೋಳ ತಾಲೂಕಿನಲ್ಲಿ. ಶಿಶುನಾಳವೂ 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿತ್ತು. ಈ ಸೀಮೆಯ ಭಜನಾಮೇಳಗಳು ಏಕತಾರಿ, ದಮ್ಮಡಿ, ತಾಳಗಳೊಡನೆ ಹಾಡಿಕೊಂಡು ಬಂದ ಪದಗಳನ್ನೇ ಸಿ. ಅಶ್ವತ್ಥ್ ತಮ್ಮದೇ ಸ್ವರಸಂಯೋಜನೆಯಲ್ಲಿ ಹಾಡಿದರು. ಮಟ್ಟು ಬೇರೆ, ಪದ ಒಂದೇ. ಇದಕ್ಕೆ ವಿಪರ್ಯಾಯವಾಗಿ, ಒಂದೇ ಮಟ್ಟು ಹಲವು ಪದಗಳನ್ನು ಹೊರುವುದೂ ಉಂಟು; ಕಂಪನಿ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ‘ಧಾಟಿ’ ಎಂದು ಇನ್ನೊಂದು ಹಾಡನ್ನು ಸೂಚಿಸುವ ರೂಢಿಯನ್ನು ಇಲ್ಲಿ ನೆನೆಯಬಹುದು. ಮಟ್ಟನ್ನೇ ನಂಬಿದ ಯಂತ್ರ ಮೊದಲನೆಯದನ್ನು ಎರಡೆಂದೂ ಎರಡನೆಯದನ್ನು ಒಂದೆಂದೂ ಎಣಿಸೀತು. ಪಲ್ಲವಿ, ಅಂಕಿತಗಳನ್ನು ಬಲ್ಲ ಹಳ್ಳಿಯ ಕೇಳುಗನಿಗೆ ಈ ಭ್ರಮೆಯಿಲ್ಲ.

ಹಾಗಾದರೆ ಮಾತನ್ನೇ ಆಧಾರವಾಗಿಸಬಹುದಲ್ಲ? ಸಾಹಿತ್ಯವನ್ನೂ ಬಳಸುವ ಪ್ರಯತ್ನಗಳು ಈಚೆಗೆ ನಡೆದಿವೆ. ಆದರೆ ಮೌಖಿಕ ಪರಂಪರೆಯಲ್ಲಿ ಮಾತೂ ಸ್ಥಿರವಲ್ಲ: ನುಡಿಗಳ ಕ್ರಮ ಬದಲಾಗುತ್ತದೆ, ಆಡುಮಾತಿನ ರೂಪಗಳು ಸೇರುತ್ತವೆ, ಕೆಲವೊಮ್ಮೆ ಅಂಕಿತವೇ ಪಲ್ಲಟವಾಗುತ್ತದೆ. ಇದು ಗ್ರಂಥಸಂಪಾದಕರಿಗೆ ಚಿರಪರಿಚಿತವಾದ ಪಾಠಾಂತರದ ಸಮಸ್ಯೆಯೇ. 2011ರಲ್ಲಿ ಬಾರ್ಸಿಲೋನಾದಲ್ಲಿ ಆರಂಭವಾದ ಕಾಂಪ್‌ಮ್ಯೂಸಿಕ್ ಯೋಜನೆ ಹಿಂದೂಸ್ತಾನಿ, ಕರ್ನಾಟಕ ಸಂಗೀತಗಳನ್ನು ಆಯಾ ಪರಂಪರೆಯ ಪರಿಭಾಷೆಯಲ್ಲಿಯೇ ಅಭ್ಯಸಿಸಿತು. ಏಕತಾರಿಯ ಪದಗಳು ಅದರ ವ್ಯಾಪ್ತಿಗೆ ಬರಲಿಲ್ಲ.

ದೋಷವನ್ನು ಯಂತ್ರದ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಕನ್ನಡದ ಪದಸಂಕಲನಗಳು ಬಹುಮಟ್ಟಿಗೆ ಮಾತನ್ನು ಉಳಿಸಿ ಮಟ್ಟನ್ನು ಬಿಟ್ಟಿವೆ. ಕ್ಯಾಸೆಟ್ಟು ಮತ್ತು 1990ರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರಗಳ ಮೂಲಕ ಹರಡಿದ ಧಾಟಿ ಮೇಳಗಳ ಹಳೆಯ ಧಾಟಿಯನ್ನು ಎಲ್ಲಿ, ಎಷ್ಟರಮಟ್ಟಿಗೆ ಸರಿಸಿದೆಯೆಂಬುದನ್ನು ಪತ್ತೆಹಚ್ಚಲು ಮಟ್ಟನ್ನು ಹೋಲಿಸುವ ಯಂತ್ರವೇ ಉತ್ತಮ ಸಾಧನವಾದೀತು. ಹೋಲಿಸಲು ಹಳ್ಳಿಯ ಗಾಯನಗಳ ಧ್ವನಿಮುದ್ರಣಗಳಿರಬೇಕು. ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿಗಳ ಮೇಳಗಳಿಂದ ಒಂದೊಂದು ಪದವನ್ನೂ ಪೂರ್ಣವಾಗಿ ಹಾಡಿಸಿ, ಅದನ್ನು ಯಾರಿಂದ ಕಲಿತರು, ಆ ಧಾಟಿಗೆ ಅವರು ಏನೆನ್ನುತ್ತಾರೆ ಎಂಬುದನ್ನು ಜೊತೆಗೇ ದಾಖಲಿಸುವ ಕ್ಷೇತ್ರಕಾರ್ಯವನ್ನು ಕನ್ನಡ ವಿಭಾಗಗಳೇ ಕೈಗೊಳ್ಳಬೇಕು. ಹಿರಿಯ ಹಾಡುಗಾರರು ಇರುವಾಗಲೇ.