ಶ್ರುತಿಯಂತ್ರವನ್ನು ಬದಲಿಸುವ ಮುನ್ನ

ಯಂತ್ರವೊಂದು ಕೆಟ್ಟಾಗ ಕಣ್ಣಿಗೆ ಮೊದಲು ಕಾಣುವ ಭಾಗದ ಮೇಲೆಯೇ ದೋಷ ಹೊರಿಸುವುದು ಮನುಷ್ಯಸ್ವಭಾವ. ಬೇಸ್ ಗಿಟಾರ್ ನುಡಿಸುವ ತರುಣರಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ದೊರೆಯುತ್ತದೆ. ವಾದ್ಯವು ಶ್ರುತಿ ತಪ್ಪತೊಡಗಿತೆಂದರೆ, ಅದರ ತಲೆಯ ಮೇಲಿನ ನಾಲ್ಕು ಶ್ರುತಿಯಂತ್ರಗಳನ್ನು ಕಿತ್ತು ಬೆಲೆಬಾಳುವ ಹೊಸವನ್ನು ಹಾಕಿಸಬೇಕೆಂಬ ಆಸೆ ಹುಟ್ಟುತ್ತದೆ. ಎಷ್ಟೋ ಸಲ ಇದು ರೋಗವನ್ನರಿಯದೆ ಮಾಡುವ ಚಿಕಿತ್ಸೆಯೆಂದು ನಮ್ಮ ಅಭಿಪ್ರಾಯ. ಬದಲಿಸುವುದಕ್ಕೆ ಯೋಗ್ಯವಾದ ಕಾರಣವೂ ಉಂಟು. ಆದರೆ ಅದು ಬೇರೆ.

ಲಿಯೋ ಫೆಂಡರ್ ಅವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್ ಈ ಜಾತಿಯ ವಾದ್ಯಗಳಿಗೆ ಮಾದರಿಯಾಯಿತು. ಅದರಲ್ಲಿ ತಂತಿಯ ನುಡಿಯುವ ಉದ್ದ 34 ಅಂಗುಲ, ಎಂದರೆ ಸುಮಾರು 86 ಸೆಂಟಿಮೀಟರು. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲವೂ ಅತಿ ತೆಳುವಾದುದು 98 ಸಲವೂ ಕಂಪಿಸುತ್ತವೆ. ಒಂದೊಂದು ತಂತಿಯ ಬಿಗಿತವೂ ಸಾಮಾನ್ಯವಾಗಿ 16 ಕಿಲೋಗ್ರಾಂ ತೂಕದ ಎಳೆತಕ್ಕೆ ಸಮ, ಅಥವಾ ಅದಕ್ಕೂ ಹೆಚ್ಚು.

ಇಷ್ಟು ಎಳೆತವನ್ನು ತಡೆಯುವ ಬಗೆ ಹೇಗೆ? ವೀಣೆಯ ಮರದ ಬಿರಡೆ ತನ್ನ ರಂಧ್ರದಲ್ಲಿ ಉಜ್ಜುವ ಘರ್ಷಣೆಯೊಂದರಿಂದಲೇ ನಿಲ್ಲುತ್ತದೆ. ಬೇಸ್ ಗಿಟಾರಿನಲ್ಲಿ ಕಿವಿಯನ್ನು ತಿರುಗಿಸಿದರೆ ಸುರುಳಿತಿರುಪೊಂದು ತಿರುಗಿ, ತಂತಿ ಸುತ್ತಿದ ಕಂಬದ ಹಲ್ಲುಚಕ್ರವನ್ನು ನಡೆಸುತ್ತದೆ. ಅನುಪಾತವು 20ಕ್ಕೆ 1 ಇದ್ದರೆ, ಕಿವಿಯ ಒಂದು ಪೂರ್ಣ ಸುತ್ತಿಗೆ ಕಂಬವು 18 ಡಿಗ್ರಿ ಮಾತ್ರ ತಿರುಗುತ್ತದೆ. ತಿರುಪಿನ ಏರು ಬಹಳ ಕಡಿಮೆಯಾದುದರಿಂದ, ತಿರುಪು ಚಕ್ರವನ್ನು ತಿರುಗಿಸಬಲ್ಲುದೇ ಹೊರತು ಚಕ್ರವು ತಿರುಪನ್ನು ಹಿಂದಕ್ಕೆ ತಿರುಗಿಸಲಾರದು. ಅನುಪಾತವನ್ನು 20ರಿಂದ 28ಕ್ಕೆ ಏರಿಸಿದರೆ ಶ್ರುತಿ ಸೇರಿಸುವುದು ಹೆಚ್ಚು ನಯವಾದೀತು. ಆದರೆ ಮೊದಲೇ ಜಾರದ ಯಂತ್ರವು ಇದರಿಂದ ಇನ್ನಷ್ಟು ಜಾರದಂತಾಗುವುದೆಂಬುದಕ್ಕೆ ಅರ್ಥವಿಲ್ಲ.

ಹಾಗಾದರೆ ಶ್ರುತಿ ತಪ್ಪುವುದೇಕೆ? ಇದನ್ನು ಪರೀಕ್ಷಿಸಲು ಒಂದು ಸೀಸದಕಡ್ಡಿ ಸಾಕು. ಶ್ರುತಿ ಸೇರಿಸಿದ ಮೇಲೆ ಕಂಬದ ಮೇಲೂ ಅದರ ಪಕ್ಕದ ತಗಡಿನ ಮೇಲೂ ಸೇರಿ ಬರುವಂತೆ ಒಂದು ಗೆರೆ ಎಳೆಯಿರಿ. ಮರುದಿನ ಸ್ವರವು ಇಳಿದಿದ್ದು ಗೆರೆ ಮಾತ್ರ ಕದಲದಿದ್ದರೆ, ಯಂತ್ರವು ನಿರಪರಾಧಿ. ಆಗ ಬೇರೆಡೆ ಹುಡುಕಬೇಕು. ಹೊಸ ತಂತಿ ಹಿಗ್ಗುತ್ತಿರಬಹುದು. ಕಂಬದ ಮೇಲಣ ಸುತ್ತುಗಳು ಸಡಿಲವಾಗಿರಬಹುದು. ವೀಣೆಯ ಮೇರುವಿನಂತೆ ದಂಡಿಯ ತುದಿಯಲ್ಲಿರುವ ಅಡ್ಡಪಟ್ಟಿಯ ಗಾಡಿಯಲ್ಲಿ ತಂತಿ ಸಿಕ್ಕಿಕೊಳ್ಳುತ್ತಿರಬಹುದು. ಹವೆಯ ತೇವದಿಂದ ದಂಡಿಯ ಮರ ಬಾಗಿರಬಹುದು. ಬಿಗಿತವು ನೂರಕ್ಕೆ ಒಂದು ಪಾಲು ಇಳಿದರೆ ಕಂಪನಸಂಖ್ಯೆ ಸುಮಾರು ಅರ್ಧ ಪಾಲು ಇಳಿಯುತ್ತದೆ. ಪಳಗಿದ ಕಿವಿಗೆ ಅಷ್ಟೇ ಸಾಕು. ಹಲ್ಲುಗಳ ನಡುವೆ ತುಸು ಸಡಿಲಿದ್ದರೂ, ಸ್ವರವನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸಿದರೆ ಅದು ಬಾಧಿಸದು. ಗೆರೆಯೇ ಕದಲಿದ್ದರೆ, ಹಲ್ಲು ಸವೆದಿದ್ದರೆ, ಕಂಬ ಓಲಾಡುತ್ತಿದ್ದರೆ, ಆಗ ಬದಲಿಸಬೇಕಾದುದೇ.

ಇನ್ನು, ಯೋಗ್ಯವಾದ ಆ ಇನ್ನೊಂದು ಕಾರಣ ತೂಕ. ಹೆಗಲಪಟ್ಟಿಯಿಂದ ತೂಗುವ ಬೇಸ್ ಗಿಟಾರ್ ಒಂದು ಸನ್ನೆಕೋಲು. ದಂಡಿ ಉದ್ದವಾದುದರಿಂದ ತಲೆ ನೆಲದತ್ತ ಬಾಗಲೆಳಸುತ್ತದೆ. ವಾದಕನ ಎಡಗೈ ಸ್ವರ ಹಿಡಿಯುವುದರ ಜೊತೆಗೆ ಭಾರವನ್ನೂ ಹೊರಬೇಕಾಗುತ್ತದೆ. ಹಗುರವಾದ ಯಂತ್ರ ಹಾಕಿದುದರಿಂದ ಒಂದೊಂದಕ್ಕೆ 40 ಗ್ರಾಂ ಕಡಿಮೆಯಾಯಿತೆಂದು ಭಾವಿಸೋಣ. ನಾಲ್ಕಕ್ಕೆ 160 ಗ್ರಾಂ. ಅವು ಆಧಾರಬಿಂದುವಿನಿಂದ 50 ಸೆಂಟಿಮೀಟರು ದೂರವಿದ್ದರೆ, ಇದೇ ಸಮತೋಲವನ್ನು ಪಡೆಯಲು ಇನ್ನೊಂದು ಬದಿಯಲ್ಲಿ 25 ಸೆಂಟಿಮೀಟರಿನಲ್ಲಿ 320 ಗ್ರಾಂ ಸೀಸವನ್ನು ಕಟ್ಟಬೇಕಾಗುತ್ತಿತ್ತು. ಭಾರ ಕೂಡಿಸುವುದಕ್ಕಿಂತ ಕಳೆಯುವುದು ಮೇಲಲ್ಲವೆ?

ಹೊಸ ಯಂತ್ರದಿಂದ ನಾದವೇ ಸುಧಾರಿಸುತ್ತದೆಂದು ಹೇಳುವವರೂ ಉಂಟು. ಇದರಲ್ಲಿ ಒಂದಂಶ ನಿಜ. ದಂಡಿಯೂ ತಂತಿಯೊಡನೆ ಕಂಪಿಸುತ್ತದೆ. ಎಲ್ಲಿ ಎರಡರ ಕಂಪನಸಂಖ್ಯೆಗಳು ಹೊಂದುತ್ತವೆಯೋ ಅಲ್ಲಿ ದಂಡಿಯು ತಂತಿಯ ಶಕ್ತಿಯನ್ನು ಹೀರಿ ಸ್ವರವನ್ನು ಬೇಗ ಅಡಗಿಸುತ್ತದೆ. ತಲೆಯ ತೂಕ ಬದಲಾದರೆ ಈ ಮಂಕುಸ್ವರದ ಸ್ಥಾನವೂ ಸರಿಯಬಹುದು. ಆದರೆ ಅದು ಒಳ್ಳೆಯ ಕಡೆಗೇ ಸರಿಯುವುದೆಂಬ ಭರವಸೆಯನ್ನು ಯಾವ ವರ್ತಕನೂ ಕೊಡಲಾರ. ತಲೆಗೆ ಸಣ್ಣದೊಂದು ಹಿಡಿಕೆಯನ್ನು ಕಚ್ಚಿಸಿ, ತೂಕದ ವ್ಯತ್ಯಾಸದಿಂದ ಏನಾಗುವುದೆಂದು ಮೊದಲು ಕಿವಿಯಾರೆ ಕೇಳಿ ನೋಡುವುದು ವಿವೇಕ. ಕೊಳ್ಳುವುದೇ ಆದರೆ ರಂಧ್ರದ ವ್ಯಾಸವನ್ನೂ ಮೊಳೆಗಳ ಅಂತರವನ್ನೂ ಅಳೆದು, ಹೊಸ ರಂಧ್ರ ಕೊರೆಯಬೇಕಾಗದಂತಹವನ್ನೇ ಆರಿಸಬೇಕು. ಮರದಲ್ಲಿ ಒಮ್ಮೆ ಕೊರೆದುದು ಮತ್ತೆ ಮೊದಲಿನಂತಾಗದು.

ತಿಂಗಳುಗಟ್ಟಲೆ ಕೂಡಿಟ್ಟ ಹಣ ವಿದ್ಯಾರ್ಥಿಗೆ ಅಲ್ಪವಲ್ಲ. ಅದಕ್ಕಿಂತ ಮಿಗಿಲಾದುದು ಕಾರಣವನ್ನು ವಿಚಾರಿಸುವ ಅಭ್ಯಾಸ. ತರಗತಿಯಲ್ಲಿ ಘರ್ಷಣೆ, ಸನ್ನೆಕೋಲು, ಅನುರಣನ ಎಂದು ಬಾಯಿಪಾಠ ಮಾಡಿದವನು ಮನೆಗೆ ಬಂದು ಜಾಹೀರಾತನ್ನು ನಂಬಿದರೆ, ಕಲಿತ ವಿದ್ಯೆಯಿಂದ ಫಲವೇನು? ವಿಜ್ಞಾನದ ಪಾಠ ವಾದ್ಯದ ತಲೆಯ ಮೇಲೂ ಇದೆ. ಅದನ್ನು ಓದಿದ ಬಳಿಕವೇ ಹಣದ ಚೀಲವನ್ನು ಬಿಚ್ಚುವುದು ಲೇಸು.