ಬೀಗ ತೆಗೆದರು, ಆದರೆ ಯಾವಾಗ?

ಸ್ವಿಚ್ ಎಂದೊಡನೆ ನೆನಪಾಗುವುದು ಗೋಡೆಯ ಮೇಲಿನ ದೀಪದ ಗುಂಡಿ. ಕಂಪ್ಯೂಟರ್ ಜಾಲ ನೋಡಿಕೊಳ್ಳುವವರ ಬಾಯಲ್ಲಿ ಈ ಪದಕ್ಕೆ ಬೇರೆಯದೇ ಅರ್ಥ. ಅವರ ಸ್ವಿಚ್ ಒಂದು ಚಪ್ಪಟೆ ಲೋಹದ ಪೆಟ್ಟಿಗೆ. ಅದರ ಮುಖದ ತುಂಬ ಸಾಲುಸಾಲು ತೂತುಗಳು, ಒಂದೊಂದಕ್ಕೂ ಒಂದೊಂದು ಕೇಬಲ್. ಬ್ಯಾಂಕಿನಿಂದ ಹಣ ಕಳಿಸಿದರೂ, ರೈಲ್ವೆ ಟಿಕೆಟ್ ಕಾದಿರಿಸಿದರೂ, ಮೊಮ್ಮಗಳ ಫೋಟೊ ಅಮೆರಿಕದಿಂದ ಅಜ್ಜಿಯ ಫೋನಿಗೆ ಬಂದರೂ ಇಂಥ ಹಲವು ಪೆಟ್ಟಿಗೆಗಳನ್ನು ಹಾದೇ ಬರಬೇಕು.

ಈ ಪೆಟ್ಟಿಗೆ ಮಾಡುವುದು ರೈಲಿನ ಅಂಚೆ ಬೋಗಿಯಲ್ಲಿ ನಿಂತು ಕಾಗದ ವಿಂಗಡಿಸುತ್ತಿದ್ದವನ ಕೆಲಸ. ಆತ ಲಕೋಟೆಯ ಮೇಲಿನ ಊರಿನ ಹೆಸರು ನೋಡಿ ಸರಿಯಾದ ಗೂಡಿಗೆ ಹಾಕುತ್ತಿದ್ದ. ಜಾಲದಲ್ಲಿ ಮಾಹಿತಿ ಓಡಾಡುವುದೂ ಸಣ್ಣ ಸಣ್ಣ ಪೊಟ್ಟಣಗಳಾಗಿಯೇ. ಪ್ರತಿ ಪೊಟ್ಟಣದ ತಲೆಯ ಮೇಲೂ ವಿಳಾಸ ಇರುತ್ತದೆ. ಸ್ವಿಚ್ಚಿನೊಳಗಿನ ಚಿಪ್ ಅದನ್ನು ಓದಿ, ಯಾವ ತೂತಿನಿಂದ ಹೊರಗೆ ಕಳಿಸಬೇಕೆಂದು ತೀರ್ಮಾನಿಸುತ್ತದೆ. ಆದರೆ ಅದು ಸೆಕೆಂಡಿಗೆ ಕೋಟಿಗಟ್ಟಲೆ ಪೊಟ್ಟಣಗಳನ್ನು ವಿಂಗಡಿಸಬೇಕು.

ಇಷ್ಟು ವೇಗ ಬೇಕಿದ್ದರೆ ಏನನ್ನು ಓದಬೇಕು, ಓದಿ ಏನು ಮಾಡಬೇಕು ಎಂಬುದನ್ನು ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಕೆತ್ತಿಬಿಡಬೇಕು ಎಂಬ ನಂಬಿಕೆ ಬಹುಕಾಲ ಇತ್ತು. ಹಾಗೆ ಕೆತ್ತಿದ ಚಿಪ್ಪಿಗೆ ಮುಂದೆ ಹೊಸ ವಿದ್ಯೆ ಕಲಿಸುವಂತಿಲ್ಲ. ವಿಳಾಸ ಬರೆಯುವ ಹೊಸ ಪದ್ಧತಿ ಬಂದರೆ ಹೊಸ ಚಿಪ್ ಬರುವವರೆಗೆ ಕಾಯಬೇಕು, ಹಳೆಯ ಪೆಟ್ಟಿಗೆಯನ್ನು ಮೂಲೆಗೆ ತಳ್ಳಬೇಕು. ಪದ್ಧತಿಗಳೋ ಕಾಯುವುದಿಲ್ಲ. ಸ್ವಿಚ್ಚುಗಳನ್ನು ಹೊರಗಿನಿಂದ ನಿಯಂತ್ರಿಸಲು ರೂಪಿಸಿದ ಓಪನ್‌ಫ್ಲೋ ಎಂಬ ನಿಯಮಾವಳಿಯನ್ನೇ ನೋಡಿ. 2009ರ ಅದರ ಮೊದಲ ಆವೃತ್ತಿಯಲ್ಲಿ ಪೊಟ್ಟಣದ ತಲೆಯ ಮೇಲೆ ಗಮನಿಸಬೇಕಾದ ಅಂಶಗಳು 12 ಇದ್ದವು. 2013ರ ಹೊತ್ತಿಗೆ ಅವು 41 ಆಗಿದ್ದವು.

ಹೀಗೆ ಪಟ್ಟಿ ಬೆಳೆಸುತ್ತ ಹೋಗುವ ಬದಲು, ಏನು ಓದಬೇಕೆಂದು ಚಿಪ್ಪಿಗೆ ಆಮೇಲೆ ಹೇಳಿಕೊಡುವಂತಿದ್ದರೆ? 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ನಿಕ್ ಮೆಕಿಯೋನ್, ಪ್ರಿನ್ಸ್‌ಟನ್‌ನ ಜೆನಿಫರ್ ರೆಕ್ಸ್‌ಫರ್ಡ್ ಮತ್ತು ಸಂಗಡಿಗರು ಇದಕ್ಕೆಂದೇ ಪಿ4 ಎಂಬ ಭಾಷೆಯನ್ನು ಮುಂದಿಟ್ಟರು. ಪೊಟ್ಟಣದ ಯಾವ ಭಾಗ ಓದಬೇಕು, ಓದಿದ್ದನ್ನು ಯಾವ ಕೋಷ್ಟಕದೊಂದಿಗೆ ಹೋಲಿಸಬೇಕು, ಹೊಂದಿಕೆಯಾದರೆ ಏನು ಮಾಡಬೇಕು ಎಂಬುದನ್ನು ಈ ಭಾಷೆಯಲ್ಲಿ ಬರೆಯಬಹುದು. ಬರೆದದ್ದನ್ನು ಚಿಪ್ಪಿಗೆ ತಿಳಿಯುವ ಸಂಕೇತಗಳಿಗೆ ಇಳಿಸಲು ಕಂಪೈಲರ್ ಎಂಬ ಅನುವಾದಕ ತಂತ್ರಾಂಶ ಬೇಕು. ಮೆಕಿಯೋನ್ ಸಹಸ್ಥಾಪಕರಾಗಿದ್ದ ಬೇರ್‌ಫುಟ್ ನೆಟ್‌ವರ್ಕ್ಸ್ ಎಂಬ ಕಂಪನಿ 2016ರಲ್ಲಿ ಟೊಫಿನೊ ಎಂಬ ಚಿಪ್ಪನ್ನು ಪ್ರಕಟಿಸಿತು. ಹೇಳಿದ ಮಾತು ಕೇಳುವ ಈ ಚಿಪ್ಪಿನ ವೇಗ ಸೆಕೆಂಡಿಗೆ 6.5 ಲಕ್ಷ ಕೋಟಿ ಬಿಟ್. ಕಲಿಸಿದರೆ ಕಲಿಯುವ ಚಿಪ್ ನಿಧಾನವಾಗಿಯೇ ಇರುತ್ತದೆ ಎಂಬ ಹಳೆಯ ನಂಬಿಕೆ ಅಲ್ಲಿಗೆ ಅಲುಗಾಡಿತು.

ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಇದೊಂದು ಹೊಸ ಆಟದ ಮೈದಾನವಾಯಿತು. 2017ರಲ್ಲಿ ನೆಟ್‌ಕ್ಯಾಷ್ ಎಂಬ ಪ್ರಯೋಗದಲ್ಲಿ, ಮತ್ತೆ ಮತ್ತೆ ಕೇಳುವ ಮಾಹಿತಿಯನ್ನು ಸ್ವಿಚ್ಚಿನೊಳಗೇ ಇಟ್ಟು, ಹಿಂದಿರುವ ಕಂಪ್ಯೂಟರಿನವರೆಗೆ ಹೋಗುವ ಮೊದಲೇ ಉತ್ತರ ಕೊಡಿಸಿದರು. ಅಂಚೆ ವಿಂಗಡಿಸುವವನೇ ಕಾಗದಕ್ಕೆ ಮಾರುತ್ತರ ಬರೆದು ಕಳಿಸಿದ ಹಾಗೆ!

ಆದರೆ ಒಂದು ತೊಡಕಿತ್ತು. ಪಿ4 ಭಾಷೆಯೇನೋ ಎಲ್ಲರದು. ಅದರ ಕಂಪೈಲರ್‌ನ ಮುಂಭಾಗವೂ ಎಲ್ಲರಿಗೂ ತೆರೆದಿತ್ತು. ಟೊಫಿನೊದ ಒಳಮನೆಗೆ ಹೊಂದಿಸುವ ಹಿಂಭಾಗ ಮತ್ತು ಚಿಪ್ಪನ್ನು ನಡೆಸುವ ತಂತ್ರಾಂಶ ಮಾತ್ರ ಕಂಪನಿಯ ಬೀಗದೊಳಗಿದ್ದವು. ಅವು ಬೇಕೆಂದವರು ಗೋಪ್ಯತೆಯ ಕರಾರಿಗೆ ಸಹಿ ಹಾಕಬೇಕಿತ್ತು. ಹಣ ಕೊಟ್ಟು ಪೆಟ್ಟಿಗೆ ಕೊಂಡವನಿಗೂ ಅದಕ್ಕೆ ಪಾಠ ಹೇಳಲು ಇನ್ನೊಬ್ಬರ ಅಪ್ಪಣೆ ಬೇಕು.

2019ರಲ್ಲಿ ಬೇರ್‌ಫುಟ್ ಕಂಪನಿಯನ್ನು ಇಂಟೆಲ್ ಕೊಂಡಿತು. 2023ರ ಜನವರಿಯಲ್ಲಿ, ಸ್ವಿಚ್ ಚಿಪ್ಪುಗಳ ಮೇಲೆ ಇನ್ನು ಮುಂದೆ ಹಣ ಹೂಡುವುದಿಲ್ಲ, ಇರುವ ಗಿರಾಕಿಗಳಿಗೆ ನೆರವು ಮಾತ್ರ ಮುಂದುವರಿಯುತ್ತದೆ ಎಂದು ಅದು ಸಾರಿತು. ಲೆಕ್ಕ ನೋಡುವವರಿಗೆ ಅದು ಒಂದು ಸಾಲಿನ ಸುದ್ದಿ. ಟೊಫಿನೊ ನಂಬಿ ವರ್ಷಗಟ್ಟಲೆ ಪ್ರೋಗ್ರಾಂ ಬರೆದವರಿಗೆ ಮಾತ್ರ ಕಾಲ ಕೆಳಗಿನ ನೆಲ ಕುಸಿದ ಅನುಭವ.

ಪಂಪ್‌ಸೆಟ್ ಮಾಡಿದ ಕಂಪನಿ ಬಾಗಿಲು ಹಾಕಿದರೂ ರೈತ ಎದೆಗುಂದಬೇಕಿಲ್ಲ. ಸಂತೆಪೇಟೆಯ ಮೆಕ್ಯಾನಿಕ್ ಅದನ್ನು ಬಿಚ್ಚಿ, ಸುಟ್ಟ ತಂತಿ ಸುತ್ತಿ, ಬೇರಿಂಗ್ ಬದಲಿಸಿ ಮತ್ತೆ ಓಡಿಸುತ್ತಾನೆ. ಅದರ ಕರುಳು ಕಣ್ಣಿಗೆ ಕಾಣುತ್ತದೆ. ಚಿಪ್ಪಿನ ಕರುಳು ಕಾಣುವುದಿಲ್ಲ. ಅದರ ತಂತ್ರಾಂಶದ ಮೂಲ ಬರಹ ಕೈಗೆ ಸಿಗದಿದ್ದರೆ ಎಂಥ ಜಾಣ ಎಂಜಿನಿಯರನೂ ಪೆಟ್ಟಿಗೆಯ ಮುಂದೆ ಕೈಕಟ್ಟಿ ಕೂರಬೇಕು.

ಆ ಬೀಗ ಕೊನೆಗೂ ತೆರೆದದ್ದು 2025ರ ಜನವರಿಯಲ್ಲಿ. ಟೊಫಿನೊದ ಪಿ4 ತಂತ್ರಾಂಶವನ್ನು ಇಂಟೆಲ್ ಸಾರ್ವಜನಿಕಗೊಳಿಸಿತು. ಲಿನಕ್ಸ್ ಫೌಂಡೇಶನ್ ಆಶ್ರಯದ ಪಿ4 ಬಳಗ ಅದನ್ನು ವಹಿಸಿಕೊಂಡಿತು. ಈಗ ವಿದ್ಯಾರ್ಥಿಯೊಬ್ಬ ಯಾರ ಕರಾರಿಗೂ ಸಹಿ ಹಾಕದೆ ಆ ಕಂಪೈಲರ್‌ನ ಒಳಗನ್ನು ಓದಬಹುದು, ತಪ್ಪು ಕಂಡರೆ ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು.

ಇದರಿಂದ ಎಲ್ಲ ಕಷ್ಟವೂ ಕಳೆಯಿತು ಎನ್ನುವಂತಿಲ್ಲ. ಪೆಟ್ಟಿಗೆಯ ಫ್ಯಾನು, ವಿದ್ಯುತ್ತು, ತೂತುಗಳನ್ನು ನೋಡಿಕೊಳ್ಳುವ ತಂತ್ರಾಂಶಕ್ಕೆ ಆ ಪೆಟ್ಟಿಗೆ ಮಾಡಿದವರ ಬಳಿಗೇ ಹೋಗಬೇಕು. ತಂತ್ರಾಂಶ ತೆರೆದ ಮಾತ್ರಕ್ಕೆ ಹೊಸ ಟೊಫಿನೊ ಹುಟ್ಟುವುದಿಲ್ಲ, ಇರುವ ಪೆಟ್ಟಿಗೆಗಳಿಗೆ ಆಯುಷ್ಯ ಸಿಗುತ್ತದೆ ಅಷ್ಟೆ. ಜತೆಗೆ, ವೇಗದ ಚಿಪ್ಪಿಗೆ ಕಂಪೈಲರ್ ಕಟ್ಟುವುದು ಹೇಗೆಂಬ ದುಬಾರಿ ವಿದ್ಯೆ ಮಣ್ಣುಪಾಲಾಗದೆ ಉಳಿಯಿತು. ಭಾಷೆಯೂ ಚಿಪ್ಪಿನೊಂದಿಗೆ ಸಾಯಲಿಲ್ಲ. ಎಎಂಡಿಯ ಪೆನ್ಸಾಂಡೊ ಚಿಪ್ಪುಗಳಿಗೆ ಪಿ4 ಬರುತ್ತದೆ.

ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಹೂಡಿಕೆ ನಿಲ್ಲಿಸಿದ ಮೇಲೆ ಬೀಗ ತೆಗೆಯಲು ಎರಡು ವರ್ಷ ಹಿಡಿಯಿತು. ಅಂಗಡಿಯಲ್ಲಿ ವ್ಯಾಪಾರ ಜೋರಾಗಿದ್ದಾಗಲೇ ಬಾಗಿಲು ತೆರೆದಿದ್ದರೆ ಒಳಗೆ ಬಂದವರ ಸಂಖ್ಯೆ ಹೆಚ್ಚಿ, ಅಂಗಡಿಯೇ ಉಳಿಯುತ್ತಿತ್ತೇ? ಖಚಿತವಾಗಿ ಹೇಳುವುದು ಕಷ್ಟ. ಆದರೆ ಸರ್ಕಾರಿ ಕಚೇರಿಯಿರಲಿ, ಕಾಲೇಜಿರಲಿ, ಇಂಥ ಯಂತ್ರ ಕೊಳ್ಳುವವರು ಬೆಲೆ ಮತ್ತು ವೇಗದ ಜತೆಗೆ ಇನ್ನೊಂದು ಮಾತನ್ನೂ ಕೇಳಿಕೊಳ್ಳುವುದು ಒಳ್ಳೆಯದು: ಮಾರಿದವರು ನಾಳೆ ಕೈಬಿಟ್ಟರೆ ಬೀಗದಕೈ ಯಾರ ಹತ್ತಿರ ಇರುತ್ತದೆ?