ಫಾಲ್ಸ್ ಸೀಲಿಂಗ್: ಬೋರ್ಡು ಮುಚ್ಚುವ ಮುನ್ನ

ಮನೆ ಕಟ್ಟಿಸುವವರು ಫಾಲ್ಸ್ ಸೀಲಿಂಗ್ ವಿಷಯಕ್ಕೆ ಬರುವ ಹೊತ್ತಿಗೆ ಕೈಯಲ್ಲಿ ದುಡ್ಡೂ ಉಳಿದಿರುವುದಿಲ್ಲ, ತಾಳ್ಮೆಯೂ ಉಳಿದಿರುವುದಿಲ್ಲ. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿರುತ್ತದೆ. ಪೇಂಟಿನವನ ಜತೆಗೇ ಸೀಲಿಂಗಿನವನೂ ಬಂದು ಮುಗಿಸಿಹೋಗಲಿ ಎಂಬ ಅವಸರ. ಇದನ್ನು ಅಲಂಕಾರದ ಲೆಕ್ಕಕ್ಕೆ ಸೇರಿಸುವುದರಿಂದಲೇ ತೊಂದರೆ ಶುರುವಾಗುತ್ತದೆ. ಇಲ್ಲಿ ನಡೆಯುವುದು ಎರಡು ಕೆಲಸ: ತಲೆಯ ಮೇಲೆ ನೂರಾರು ಕಿಲೋ ತೂಗುಹಾಕುವುದು ಮತ್ತು ಆರ್‌ಸಿಸಿ ಛಾವಣಿಯ ತಳವನ್ನು ಇನ್ನು ಕಣ್ಣಿಗೆ ಬೀಳದಂತೆ ಮುಚ್ಚುವುದು. ನಿಂತು ಮಾಡಿಸುವವರಾಗಲಿ, ಡ್ರಿಲ್ ಹಿಡಿದು ತಾವೇ ಮಾಡಿಕೊಳ್ಳುವವರಾಗಲಿ, ಗಮನವೆಲ್ಲ ಇರಬೇಕಾದದ್ದು ಬೋರ್ಡಿನ ಮೇಲ್ಗಡೆ.

ಮುಚ್ಚುವ ಮಾತಿನಿಂದಲೇ ಶುರುಮಾಡೋಣ. ಸೋರುವ ಮೋಲ್ಡಿನ ಕೆಳಗೆ ಸೀಲಿಂಗ್ ಹಾಕಿದರೆ ಸೋರಿಕೆ ನಿಲ್ಲುವುದಿಲ್ಲ, ಕಾಣುವುದು ನಿಲ್ಲುತ್ತದೆ. ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ, ಪೈಪು ಕೆಳಗಿಳಿಯುವ ತೂತು, ಇಳಿಜಾರು ತಪ್ಪಿ ನೀರು ನಿಲ್ಲುವ ಜಾಗ: ಸಾಮಾನ್ಯವಾಗಿ ನೀರು ಇಳಿಯುವುದು ಇಲ್ಲೆಲ್ಲ. ಒಳಗಿನ ಕಂಬಿಗೆ ತೇವ ತಗುಲಿ ತುಕ್ಕು ಹಿಡಿದರೆ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಕೆಳಗಿನ ಕಾಂಕ್ರೀಟನ್ನು ಒತ್ತಿ ಸಿಡಿಸುತ್ತದೆ. ಬರಿಯ ಛಾವಣಿಯಾಗಿದ್ದರೆ ಕಂದು ಕಲೆ ನೋಡಿ ಎಚ್ಚರಾಗುತ್ತಿದ್ದಿರಿ. ಈಗ ಆ ಚೂರುಗಳು ಬೋರ್ಡಿನ ಬೆನ್ನ ಮೇಲೆ ಬೀಳುತ್ತಿರುತ್ತವೆ, ಜಿಪ್ಸಂ ನೀರು ಕುಡಿದು ಜೋಲುವವರೆಗೆ ನಿಮಗೆ ಸುದ್ದಿಯೇ ಇರುವುದಿಲ್ಲ.

ಹಾಗಾಗಿ ತಾರಸಿಯ ನೀರು ಹೋಗುವ ತೂತುಗಳನ್ನು ಬಿಗಿಯಾಗಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗಿನಿಂದ ನೋಡಿ. ಹಳೆಯ ಮನೆಯಾದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಮೊದಲು ರಿಪೇರಿ. ಹೊಸ ಮನೆಗೆ ನನ್ನ ಸಲಹೆ ಯಾರಿಗೂ ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ: ಮೇಲಂತಸ್ತಿನ ಸೀಲಿಂಗನ್ನು ಒಂದು ಮಳೆಗಾಲ ಕಳೆದ ಮೇಲೆ ಹಾಕಿಸಿ.

ಇನ್ನು ತೂಕ. ಹನ್ನೆರಡಕ್ಕೆ ಹನ್ನೆರಡು ಅಡಿಯ ಕೋಣೆ ಎಂದರೆ ಸುಮಾರು 13.4 ಚದರ ಮೀಟರ್. 12.5 ಮಿಲಿಮೀಟರ್ ದಪ್ಪದ ಜಿಪ್ಸಂ ಬೋರ್ಡು ಚದರ ಮೀಟರಿಗೆ ಎಂಟೊಂಬತ್ತು ಕಿಲೋ ತೂಗುತ್ತದೆ. ಜಿಐ ಚಾನೆಲ್, ಸ್ಕ್ರೂ, ಪುಟ್ಟಿ, ದೀಪ ಎಲ್ಲ ಸೇರಿ ಚದರ ಮೀಟರಿಗೆ 12 ಕಿಲೋ ಎಂದಿಟ್ಟುಕೊಂಡರೆ ಕೋಣೆಗೆ ಒಟ್ಟು 160 ಕಿಲೋ. ನಾಲ್ಕು ಅಡಿಗೊಂದರಂತೆ ಛಾವಣಿಯಿಂದ ಪಟ್ಟಿ ಇಳಿಬಿಟ್ಟರೆ ಒಂದೊಂದರ ಪಾಲಿಗೆ 18 ಕಿಲೋ ಬರುತ್ತದೆ. ಸರಿಯಾಗಿ ಕೂತ ಲೋಹದ ಆಂಕರ್ ಫಾಸ್ಟನರಿಗೆ ಇದು ದೊಡ್ಡ ಭಾರವಲ್ಲ. ಆದರೆ ಒಂದು ಸಡಿಲವಾದರೆ ಅದರ ಪಾಲು ಅಕ್ಕಪಕ್ಕದವಕ್ಕೆ ಬೀಳುತ್ತದೆ, ಅವೂ ಅರ್ಧಂಬರ್ಧ ಕೂತಿದ್ದರೆ ಸಾಲಾಗಿ ಕಳಚುತ್ತವೆ. ಗೋಡೆಗೆ ಫೋಟೋ ನೇತುಹಾಕುವ ಪ್ಲಾಸ್ಟಿಕ್ ಪ್ಲಗ್ಗನ್ನು ಇಲ್ಲಿ ಬಳಸಬಾರದು. ಗೋಡೆಯಲ್ಲಿ ಭಾರ ಅಡ್ಡಕ್ಕೆ ಬೀಳುತ್ತದೆ. ಛಾವಣಿಯಲ್ಲಿ ಅದು ಪ್ಲಗ್ಗನ್ನು ವರ್ಷಗಟ್ಟಲೆ ನೇರ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ.

ಡ್ರಿಲ್ ಮಾಡುವಾಗ ಕಿವಿ ತೆರೆದಿರಬೇಕು. ಮೊದಲ ಅರ್ಧ ಇಂಚಿನವರೆಗೆ ಬರಿಯ ಪ್ಲಾಸ್ಟರ್ ಇರಬಹುದು. ಡ್ರಿಲ್ ಬಿಟ್ ಸಲೀಸಾಗಿ ಒಳಹೋಗುತ್ತದೆ, ಮೆತ್ತನೆಯ ಪುಡಿ ಸುರಿಯುತ್ತದೆ. ಆ ಆಳಕ್ಕೆ ಲೆಕ್ಕವಿಲ್ಲ, ಫಾಸ್ಟನರ್ ಹಿಡಿಯಬೇಕಾದದ್ದು ಅದರಾಚೆಯ ಕಾಂಕ್ರೀಟನ್ನು. ಅಲ್ಲಿಗೆ ತಲುಪಿದಾಗ ಸದ್ದು ಬಿಗಿಯಾಗುತ್ತದೆ, ಜಲ್ಲಿಕಲ್ಲು ಸಿಕ್ಕಲ್ಲಿ ವೇಗ ತಗ್ಗುತ್ತದೆ. ಇದ್ದಕ್ಕಿದ್ದಂತೆ ಮುಂದೆ ಹೋಗಲೊಲ್ಲದೆ ಕಿರುಗುಟ್ಟಿ, ಪುಡಿಯಲ್ಲಿ ಹೊಳೆಯುವ ಚೂರು ಕಂಡರೆ ಅದು ಕಂಬಿ. ಐಎಸ್ 456 ಪ್ರಕಾರ ಸೌಮ್ಯ (ಮೈಲ್ಡ್) ವಾತಾವರಣದಲ್ಲಿ ಕಂಬಿಯ ಕೆಳಗೆ ಇರಬೇಕಾದ ಕಾಂಕ್ರೀಟ್ 20 ಮಿಲಿಮೀಟರ್ ಅಷ್ಟೇ, ಹಾಗಾಗಿ ಕೆಲವು ತೂತುಗಳು ಕಂಬಿಗೆ ತಗುಲುವುದು ಖಂಡಿತ. ಹಠ ಹಿಡಿದು ಕೊರೆಯಬೇಡಿ, ಎರಡು ಇಂಚು ಪಕ್ಕಕ್ಕೆ ಸರಿಯಿರಿ. ಫ್ಯಾನ್ ಬಾಕ್ಸಿನಿಂದ ಗೋಡೆಯತ್ತ ಹೋಗುವ ವಿದ್ಯುತ್ ಪೈಪು ಸ್ಲ್ಯಾಬಿನೊಳಗೇ ಇರುತ್ತದೆ, ಆ ದಾರಿಯನ್ನು ಮೊದಲೇ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಫಿಲ್ಲರ್ ಸ್ಲ್ಯಾಬ್ ಆಗಿದ್ದರೆ ಒಳಗೆ ಹೆಂಚೋ ಮಡಕೆಯೋ ಇರುವಲ್ಲಿ ಫಾಸ್ಟನರ್ ನಿಲ್ಲದು. ಅಪಾರ್ಟ್‌ಮೆಂಟಿನದು ಪೋಸ್ಟ್ ಟೆನ್ಷನ್ಡ್ ಸ್ಲ್ಯಾಬ್ ಆಗಿದ್ದರಂತೂ ನಕ್ಷೆ ನೋಡದೆ ಒಂದು ತೂತನ್ನೂ ಕೊರೆಯಬೇಡಿ. ಭಾರೀ ಬಿಗಿತದಲ್ಲಿರುವ ಆ ಉಕ್ಕಿನ ತಂತಿ ತುಂಡಾಗುವುದು ಜೀವಕ್ಕೇ ಅಪಾಯ. ಕನ್ನಡಕ, ಮಾಸ್ಕ್ ಕಡ್ಡಾಯ. ತೂತಿನ ಪುಡಿಯನ್ನು ಊದಿ ತೆಗೆಯದಿದ್ದರೆ ಒಳ್ಳೆಯ ಫಾಸ್ಟನರೂ ಜಾರುತ್ತದೆ. ಕೂರಿಸಿದ ಮೇಲೆ ಅಲ್ಲಲ್ಲಿ ಒಂದೆರಡಕ್ಕೆ 20 ಲೀಟರಿನ ತುಂಬಿದ ನೀರಿನ ಕ್ಯಾನ್ ಎರಡೆರಡು ನೇತುಹಾಕಿ, ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಂಡು, ರಾತ್ರಿಯಿಡೀ ಬಿಡಿ. ಇದು ಒಂದೊಂದು ಫಾಸ್ಟನರಿನ ಪಾಲಿನ ಭಾರದ ಎರಡು ಪಟ್ಟಿಗಿಂತ ಹೆಚ್ಚು, ಅಲ್ಲಾಡದಿದ್ದರೆ ಸರಿ.

ಮಟ್ಟ ಹಿಡಿಯುವುದು ಲೇಸರಿನಿಂದಲೋ ಮೇಸ್ತ್ರಿಯ ನೀರಿನ ಟ್ಯೂಬಿನಿಂದಲೋ ಆಗಲಿ, ಛಾವಣಿಯಿಂದ ಕೆಳಕ್ಕೆ ಅಳೆಯಬಾರದು. ಸೆಂಟ್ರಿಂಗ್ ಜಗ್ಗಿದ್ದ ಕಡೆ ಛಾವಣಿಯೂ ಜಗ್ಗಿರುತ್ತದೆ, ಆ ಡೊಂಕೇ ಸೀಲಿಂಗಿಗೂ ಇಳಿಯುತ್ತದೆ. ಗೋಡೆಯ ಸುತ್ತ ನೂಲು ಹೊಡೆದು, ಆ ಗೆರೆಗೆ ಪೆರಿಮೀಟರ್ ಚಾನೆಲ್ ಕೂರಿಸಬೇಕು. ಪಟ್ಟಿಗಳಿಗೆ ನಾಲ್ಕು ಅಡಿಗೊಂದು ಚಾನೆಲ್, ಅದಕ್ಕೆ ಅಡ್ಡಲಾಗಿ 18 ಇಂಚಿಗೊಂದು ಸೀಲಿಂಗ್ ಸೆಕ್ಷನ್. ಖರ್ಚು ಉಳಿಸಲು ಇದನ್ನು ಎರಡು ಅಡಿಗೆ ಎಳೆಯುವವರಿದ್ದಾರೆ, ಎಣಿಸಿ ನೋಡಿ. ಬೋರ್ಡಿನ ಸ್ಕ್ರೂ ಒಂಬತ್ತು ಇಂಚಿಗೊಂದು ಬೀಳಬೇಕು. ಸ್ಕ್ರೂವಿನ ತಲೆ ಬೋರ್ಡಿನ ಕಾಗದವನ್ನು ಸ್ವಲ್ಪ ತಗ್ಗಿಸಿ ಅಲ್ಲೇ ನಿಲ್ಲಬೇಕು. ಕಾಗದ ಹರಿದು ಒಳಹೊಕ್ಕರೆ ಹಿಡಿತ ಹೋಯಿತು, ಯಾಕೆಂದರೆ ಬೋರ್ಡಿನ ಬಲದ ಬಹುಪಾಲು ಆ ಕಾಗದದ್ದೇ.

ಫ್ಯಾನು ಬೇರೆಯೇ ಸಂಗತಿ. ಅದರ ಕೊಕ್ಕೆ ಕಾಂಕ್ರೀಟಿನಲ್ಲೇ ಇರಬೇಕು, ರಾಡ್ ಬೋರ್ಡಿಗೆ ತಾಗದೆ ದೊಡ್ಡ ತೂತಿನಲ್ಲಿ ಇಳಿಯಬೇಕು. ತಾಗಿದರೆ ಆ ಅದುರಾಟಕ್ಕೆ ಬಿರುಕು ಗ್ಯಾರಂಟಿ. ರೆಕ್ಕೆಗೂ ಸೀಲಿಂಗಿಗೂ ಒಂದು ಅಡಿ ಅಂತರವಿಲ್ಲದಿದ್ದರೆ ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ 2.75 ಮೀಟರ್, ಅಂದರೆ ಒಂಬತ್ತು ಅಡಿ ಎತ್ತರ ಕೇಳುತ್ತದೆ; ಎಸಿ ಕೋಣೆಯಲ್ಲಿ ಮಾತ್ರ ಫಾಲ್ಸ್ ಸೀಲಿಂಗಿನ ಕೆಳಗೆ 2.4 ಮೀಟರ್ ಸಾಕು. ಹತ್ತು ಅಡಿಯ ಛಾವಣಿಯಲ್ಲಿ ಎಂಟು ಇಂಚು ಇಳಿಸಬಹುದು. ಒಂಬತ್ತೂವರೆಯ ಛಾವಣಿಯಿದ್ದು ಫ್ಯಾನೇ ಆಧಾರವಾಗಿದ್ದರೆ ಸೀಲಿಂಗ್ ಬೇಡವೆನ್ನುವುದೇ ಲೇಸು.

ಬಿರುಕಿಗೆ ಬೋರ್ಡನ್ನಷ್ಟೇ ದೂರಿ ಫಲವಿಲ್ಲ. ಬಿಸಿಲಿಗೆ 20 ಡಿಗ್ರಿ ಏರಿಳಿಯುವ ಹತ್ತು ಮೀಟರಿನ ಸ್ಲ್ಯಾಬು ಸುಮಾರು ಎರಡು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ, ಗೋಡೆ ಅಷ್ಟು ಸರಿಯುವುದಿಲ್ಲ. ಬೋರ್ಡುಗಳ ಸೇರುಗೆರೆಗೆ ಕಾಗದದ ಟೇಪ್ ಹಾಕದೆ ಬರಿ ಪುಟ್ಟಿ ಬಳಿದರೆ ಮೊದಲ ಬೇಸಿಗೆಗೇ ಗೆರೆ ಮೂಡುತ್ತದೆ. ಸೀಲಿಂಗ್ ಹಾಕಿದರೆ ಮನೆ ತಂಪಾಗುತ್ತದೆ ಎಂಬ ಮಾತಿನಲ್ಲಿ ಅಲ್ಪಸ್ವಲ್ಪ ನಿಜವಿದೆ, ಆದರೆ ಕಾಂಕ್ರೀಟಿಗೆ ಹೊಕ್ಕ ಕಾವನ್ನು ಕೆಳಗಿನಿಂದ ತಡೆಯುವುದಕ್ಕಿಂತ ತಾರಸಿಗೆ ಬಿಳಿ ಬಣ್ಣ ಹೊಡೆಸುವುದು ಅಗ್ಗ.

ಮೊದಲ ಸಲ ತಾವೇ ಮಾಡಿಕೊಳ್ಳುವವರಿಗೆ ಆಫೀಸುಗಳಲ್ಲಿ ಕಾಣುವ ಎರಡಕ್ಕೆ ಎರಡು ಅಡಿಯ ಗ್ರಿಡ್ ಸೀಲಿಂಗ್ ಸುಲಭ. ನೋಟಕ್ಕೆ ಸಪ್ಪೆ, ಆದರೆ ಯಾವ ಹಲಗೆಯನ್ನಾದರೂ ಎತ್ತಿ ಇಣುಕಬಹುದು. ಮೇಲಿನ ಮನೆಯ ಬಚ್ಚಲಿನ ಪೈಪು ಇರುವ ಕಡೆ ಅದೇ ಸರಿ. ಜಿಪ್ಸಂ ಹಾಕಿಸಿದರೂ ವೈರಿನ ಜಂಕ್ಷನ್ ಬಾಕ್ಸ್ ಇರುವಲ್ಲಿ ಕೈ ತೂರುವಷ್ಟಾದರೂ ಟ್ರ್ಯಾಪ್ ಡೋರ್ ಬಿಡಿಸಿ, ವೈರುಗಳನ್ನು ಪೈಪಿನೊಳಗೇ ಎಳೆಸಿ. ಇಲಿಗಳಿಗೆ ಆ ಜಾಗ ತುಂಬಾ ಇಷ್ಟ. ಕೊನೆಯ ಬೋರ್ಡು ಏರುವ ಮುನ್ನ ಚಾನೆಲ್, ವೈರು, ಫಾಸ್ಟನರ್ ಎಲ್ಲವನ್ನೂ ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಉಯ್ಯಾಲೆ ತೂಗುಹಾಕಬೇಕೆಂದರೆ ಎಲ್ಲಿ ಕೊರೆಯಬಾರದೆಂದು ಹೇಳಲು ಆ ಕೆಲಸದವನು ಊರಲ್ಲಿರುವುದಿಲ್ಲ.